ಅಂಗಳದ ನಾಲ್ಕನೇ ಪ್ಲಾಟ್‌ಫಾರಂ

ಇಡೀ ಬಸವಕಲ್ಯಾಣದಲ್ಲಿ ಸ್ವಂತ ಬಸ್‌ಸ್ಟ್ಯಾಂಡ್ ಕಟ್ಟಿಸಿಕೊಂಡವರು ನಮ್ಮ ಮಾವನವರೊಬ್ಬರೇ. ಬಸ್ಸು ಬರುತ್ತಿರಲಿಲ್ಲ, ಅಷ್ಟೇ!

ಹುಮನಾಬಾದ್ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ, ಗಾಡಿಗಳಿಗೆ ಜಾಗ ತೋರಿಸಿ ತೋರಿಸಿಯೇ ರಿಟೈರ್ ಆದವರು. ಮರುದಿನವೇ ನಮ್ಮ ಅಂಗಳಕ್ಕೆ ಸುಣ್ಣದ ಗೆರೆ ಬಿತ್ತು. ನಾಲ್ಕು ಪ್ಲಾಟ್‌ಫಾರಂ, ನಾಲ್ಕೂ ಓರೆ.

"ನೆಟ್ಟಗ ಹಾಕಿದ್ರ ಗಾಡಿ ಹೊಳ್ಳಸಾಕ ಜಾಗ ಎಲ್ಲದವಾ? ದೊಡ್ಡ ದೊಡ್ಡ ಇಂಜಿನಿಯರಗೂ ಇದು ತಿಳ್ಯಂಗಿಲ್ಲ!"

ಓಣಿಗೆಲ್ಲ ಎರಡೇ ಸ್ಕೂಟರ್ ಇದ್ದ ತೊಂಬತ್ತರ ದಶಕದ ಮಾತಿದು! ಒಂದನೆಯದರಲ್ಲಿ ಚಪ್ಪಲಿ, ಅದೂ ಮೂಗು ಹೊರಗೆ. ಎರಡರಲ್ಲಿ ಸೈಕಲ್. ಮೂರು ಬಂದವರ ಗಾಡಿಗೆ. ಬೇವಿನ ನೆರಳಿನ ನಾಲ್ಕನೆಯದು ಸದಾ ಖಾಲಿ.

ಒಮ್ಮೆ ಮನೆಯ ಅಳಿಯಂದಿರು ಗೆರೆ ತುಳಿದು ಸ್ಕೂಟರ್ ನಿಲ್ಲಿಸಿದರು. ಮಾವ ಸೀಟಿ ಊದಿಯೇಬಿಟ್ಟರು. "ರಿವರ್ಸ್ ತಗೋರಿ! ಇನ್ನೂ ತಗೋರಿ!" ರಿವರ್ಸ್ ತಗೊಂಡ ಅಳಿಯಂದಿರು ಹಾಗೇ ತಮ್ಮೂರಿಗೆ ಹೋದರು. ಚಹಾ ಕೂಡ ಕುಡಿಯಲಿಲ್ಲ! ಸಂಜೆ ಪಕ್ಕದ ಮನೆಯ ಎಮ್ಮೆ ಬಂದು ಮೂರರ ಗೆರೆಯೊಳಗೇ ಅಚ್ಚುಕಟ್ಟಾಗಿ ಮಲಗಿತು.

"ನೋಡವಾ, ಇದಕ್ಕಿರೋ ಅಕಲ್ ಅಳಿಯಗಿಲ್ಲ!"

ಹೀಗಾದರೆ ಯಾರು ತಾನೇ ಬರುತ್ತಾರೆ? ನಮ್ಮವರು ಮುಂಜಾನೆ ಹುಮನಾಬಾದಿನ ಫ್ಯಾಕ್ಟರಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೇ ಬರುವುದು. ಇಡೀ ದಿನ ನಾನು, ಮಾವ, ಖಾಲಿ ಗೆರೆಗಳು. ಎರಡು ಹೊತ್ತಿನ ರೊಟ್ಟಿ, ಪೂಜೆಗೆ ನಾಲ್ಕು ಹೂವು ಕೊಟ್ಟಿದ್ದಾನೆ ಶಿವ. ಮಾತಿಗೆ ಜನರನ್ನೂ ಕೊಡು ಎಂದು ಕೇಳಲು ನಾಚಿಕೆ.

"ನಾಕನೇದು ಯಾರಿಗ್ರಿ ಮಾವಾರ?"

"ನಿನ್ನ ತವರಮನಿ ಗಾಡಿಗವಾ. ಪಂಚಮಿಗಿ ಕರಿಲಾಕ ಬರ್ತಾರಲ್ಲ."

ಅಪ್ಪ-ಅವ್ವ ಹೋದ ಮೇಲೆ ಹುಲಸೂರಿನ ಅಣ್ಣ ಒಮ್ಮೆಯೂ ಕರೆಯಲು ಬಂದಿರಲಿಲ್ಲ.

ಆ ವರ್ಷವೂ ಪಂಚಮಿಗೆ ಓಣಿಯ ಸೊಸೆಯಂದಿರೆಲ್ಲ ತವರಿಗೆ ಹೊರಟರು. ನಾನೂ ಉಂಡಿ ಕಟ್ಟಿ, ಚೀಲ ತುಂಬಿಟ್ಟು, ಮಧ್ಯಾಹ್ನದವರೆಗೆ ಹೊಸ್ತಿಲಲ್ಲಿ ಕೂತೆ. ಯಾರೂ ಬರಲಿಲ್ಲ. ಚೀಲ ಬಿಚ್ಚೋಣವೆಂದು ಏಳುವಾಗ ಸೀಟಿ ಕೇಳಿಸಿತು. ಯಾವಾಗಲೋ ಸೈಕಲ್ ಸಮೇತ ಹಿತ್ತಲಿನಿಂದ ಹೊರಬಿದ್ದಿದ್ದ ಮಾವ, ಹೊಸ ರುಮಾಲು ಸುತ್ತಿಕೊಂಡು, ಬೀದಿಯಿಂದ ಅದನ್ನು ತಂದು ನಾಲ್ಕನೆಯದರಲ್ಲಿ ಓರೆಯಾಗಿ ನಿಲ್ಲಿಸಿದರು.

"ತವರಮನಿ ಗಾಡಿ ಜರಾ ಲೇಟಾತವಾ. ಚೀಲ ತಾ."

ಮಾವನ ಸೈಕಲ್ ಮೇಲೆ ಸೊಸೆ ಕೂರುವುದುಂಟೇ? ಚೀಲ ಕೂತಿತು. ಅವರು ಸೈಕಲ್ ತಳ್ಳುತ್ತ ಮುಂದೆ, ನಾನು ಸೆರಗು ಹೊದ್ದು ಹಿಂದೆ. ಓಣಿಗೆ ಒಂದು ಸುತ್ತು ಹಾಕಿ ಅದೇ ಅಂಗಳಕ್ಕೆ ಬಂದೆವು. ಬೇವಿನ ಕೆಳಗೆ ಸೈಕಲ್ ನಿಲ್ಲಿಸಿ, ಚೀಲ ಇಳಿಸಿ, ಕಂಡಕ್ಟರನ ಹಾಗೆ ಕೂಗಿದರು:

"ತವರಮನಿ ಬಂತು. ಇಳಿ ಮಗಳ."