ನಾನೇ ತೆಗೆದ ಮದುವೆಗಳು

ಮಾಡಿದ್ದುಣ್ಣೋ ಮಹಾರಾಯ ಎನ್ನುವ ಮಾತು ಬೇರೆಯವರಿಗೆ ಯಾವಾಗಲೋ ಒಮ್ಮೆ ನೆನಪಾಗುತ್ತದೆ. ನನಗೆ ವಾರಕ್ಕೆರಡು ಸಲ ಆಗುತ್ತದೆ. ಚನ್ನಗಿರಿಯಲ್ಲಿ ನನ್ನದೊಂದು ಸ್ಟುಡಿಯೊ. ಮೂವತ್ತು ವರ್ಷದ ಹಿಂದೆ ಸುತ್ತಲ ಊರುಗಳ ಮದುವೆಗೆ ವಿಡಿಯೊ ತೆಗೆಯುತ್ತಿದ್ದೆ. ಈಗ ಅವೇ ಹಳೇ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಹಾಕಿ ಡಿವಿಡಿ ಮಾಡಿಕೊಡುತ್ತೇನೆ. ಪೆನ್‌ಡ್ರೈವ್ ಸಾಕಲ್ಲ ಎಂದರೆ, "ಅದು ಕಳದು ಹೋಗ್ತೈತ್ರಿ, ತಟ್ಟೆನೇ ಕೊಡ್ರಿ" ಎನ್ನುತ್ತಾರೆ.

ಈ ಕೆಲಸದಲ್ಲಿ ಅವಸರ ನಡೆಯುವುದಿಲ್ಲ. ಮೂರು ಗಂಟೆಯ ಕ್ಯಾಸೆಟ್ ಮೂರು ಗಂಟೆಯೇ ಓಡಬೇಕು. ಇರುವುದೊಂದೇ ಕ್ಯಾಸೆಟ್ ಎಂದು ಯಾರೂ ಬಿಟ್ಟು ಹೋಗುವುದಿಲ್ಲ. ಮನೆಮಂದಿಯೆಲ್ಲ ನನ್ನ ಬೆಂಚಿನ ಮೇಲೆ ಕೂತು ಪೂರ್ತಿ ನೋಡುತ್ತಾರೆ. ಅದನ್ನು ತೆಗೆದ ಪಾಪಕ್ಕೆ ನಾನೂ ಪಕ್ಕದಲ್ಲೇ ಕೂತಿರಬೇಕು.

ಯಾವನ್ರೀ ಇವನು?

ಕೆರೆಬಿಳಚಿಯ ಯಜಮಾನರೊಬ್ಬರು ತಂಗಿಯ ಮದುವೆ ಕ್ಯಾಸೆಟ್ ತಂದರು. ಮೇಲಿನ ಚೀಟಿ ಹರಿದುಹೋಗಿತ್ತು. ತೆಗೆದವರು ಯಾರೆಂದು ಅವರಿಗೆ ನೆನಪಿರಲಿಲ್ಲ. ನನಗಿತ್ತು, ಬಾಯಿ ಬಿಡಲಿಲ್ಲ.

ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಮಂಟಪ ಮಾಯವಾಗಿ ಒಂದು ಜೊತೆ ಚಪ್ಪಲಿ ಕಾಲು ಕಾಣಿಸಿತು. ಕಾಲು ಛತ್ರವೆಲ್ಲ ತಿರುಗಿತು, ನಲ್ಲಿಯ ಹತ್ತಿರ ಹೋಯಿತು, ಕಾಫಿ ಕೊಡುವ ಕಡೆ ಬಹಳ ಹೊತ್ತು ನಿಂತಿತು. ಕ್ಯಾಮೆರಾ ಆಫ್ ಮಾಡಿದ್ದೇನೆಂದು ತಿಳಿದು ಕೈಯಲ್ಲಿ ತೂಗಾಡಿಸಿಕೊಂಡು ಓಡಾಡಿದ್ದೆ.

"ಯಾವನ್ರೀ ಇವನು ಕ್ಯಾಮೆರಾದವನು? ತಲೆ ನೆಟ್ಟಗೈತೇನ್ರಿ?"

"ಯಾರೋ ಹೊಸಬ ಇರಬೇಕು" ಎಂದೆ.

"ಇಂಥವ್ರನ್ನ ಮದುವೆಗೆ ಕರೀಬಾರ್ದು."

"ಕರೀಬಾರ್ದು" ಎಂದು ನಾನೂ ತಲೆಯಾಡಿಸಿದೆ.

ಕ್ಯಾಸೆಟ್ಟಿನ ಕೊನೆಯಲ್ಲಿ, ನಾನೇ ಆಸೆಪಟ್ಟು ಹಾಕಿದ್ದು, ಗುಲಾಬಿ ಹೂಗಳ ನಡುವೆ ಗಿರಗಿರ ತಿರುಗುತ್ತ ನನ್ನ ಫೋಟೊ ಬಂತು. ಯಜಮಾನರು ಫೋಟೊ ನೋಡಿದರು, ನನ್ನ ಬೋಳು ತಲೆ ನೋಡಿದರು.

"ಕೂದಲು ಉದುರಿದ್ರೂ ನಿಮ್ಮ ಹೊಸಬನ ಗುರ್ತು ಸಿಗ್ತೈತ್ರಿ" ಎಂದರು.

ರುಮಾಲು

ಜಗಳೂರು ಕಡೆಯ ಬಿಳಿಚೋಡಿನಿಂದ ಒಬ್ಬ ಅಜ್ಜಿ ಬಂದರು. ತೀರಿಕೊಂಡ ಗಂಡ ಮಾತಾಡುವುದು, ನಗುವುದು ಕಾಣುವುದಿದ್ದರೆ ಅಣ್ಣನ ಮಗನ ಮದುವೆಯ ಈ ಕ್ಯಾಸೆಟ್ಟಿನಲ್ಲಿ ಮಾತ್ರ. "ಅದೊಂದು ತೋರಿಸಪ್ಪ ಸಾಕು" ಎಂದರು.

ಎರಡು ಗಂಟೆ ಕಾದೆವು. ಕೊನೆಗೆ ಕ್ಯಾಮೆರಾ ಗಂಡಸರ ಸಾಲಿಗೆ ಬಂತು. ಅಜ್ಜಿ ಪರದೆಗೆ ಬೆರಳಿಟ್ಟು, "ಇವರೇ" ಎಂದರು. ಅಜ್ಜ ಬೆಳಕು ಬಿದ್ದ ಕೂಡಲೇ ತಲೆ ಬಗ್ಗಿಸಿ ರುಮಾಲು ಸರಿಮಾಡಿಕೊಳ್ಳತೊಡಗಿದರು. ಒಂದು ಸುತ್ತು ಬಿಚ್ಚಿದರು, ಮತ್ತೆ ಸುತ್ತಿದರು. ಇನ್ನೇನು ಮುಖ ಎತ್ತಬೇಕು, ಅಷ್ಟರಲ್ಲಿ ನನ್ನ ಕ್ಯಾಮೆರಾ ಪಕ್ಕದ ಪ್ಲಾಸ್ಟಿಕ್ ಹೂವಿನ ಕುಂಡಕ್ಕೆ ಹೋಯಿತು. ಅಲ್ಲೇ ಅರ್ಧ ನಿಮಿಷ ನಿಂತಿತು.

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ತಪ್ಪಾಯಿತಜ್ಜಿ, ತೆಗೆದವನು ನಾನೇ ಎಂದೆ.

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. "ನಿಂದೇನು ತಪ್ಪಪ್ಪ. ಅವರು ಯಾವತ್ತೂ ಹಂಗೇ, ಬಸ್ಸು ಹೋದ ಮೇಲೇ ರೆಡಿ ಆಗೋರು."

ಮೂರು ಗಂಟು

ಆ ಯಜಮಾನರು, ಈ ಅಜ್ಜಿಯ ಮುಂದೆ ಆದ ಅವಮಾನ ಏನೇನೂ ಅಲ್ಲ. ಮೊನ್ನೆ ಹೊನ್ನಾಳಿಯಿಂದ ಗಂಡ ಹೆಂಡತಿ ಬಂದರು. ಅವರದು ಮದುವೆಯ ದಿನದಿಂದ ನಡೆದು ಬಂದ ಜಗಳ. ತಾಳಿಯ ಮೂರು ಗಂಟೂ ತಾನೇ ಹಾಕಿದೆ ಎಂದು ಗಂಡ. ಕೈ ನಡುಗಿ ಒಂದೇ ಗಂಟಿಗೆ ನಿಂತರು, ಉಳಿದೆರಡು ಅವರ ತಂಗಿ ಹಾಕಿದಳು ಎಂದು ಹೆಂಡತಿ. ಆಕೆ ಗೋವಿನಕೋವಿ ಊರಿನ ಮಗಳು, ಸುಲಭಕ್ಕೆ ಬಿಡುವವರಲ್ಲ. ಮನೆಯಲ್ಲಿ ವಿಸಿಆರ್ ಇರಲಿಲ್ಲ, ಕ್ಯಾಸೆಟ್ಟನ್ನು ಇಬ್ಬರೂ ಒಮ್ಮೆಯೂ ನೋಡಿರಲಿಲ್ಲ. "ಇವತ್ತು ತೀರ್ಮಾನ ಆಗೇ ಹೋಗ್ಲಿ, ಹಾಕ್ರಿ" ಎಂದರು ಆಕೆ.

ಆ ಮದುವೆಯ ತಾಳಿ ಕಟ್ಟುವುದನ್ನು ನಾನು ತೆಗೆದೇ ಇರಲಿಲ್ಲ. ಕ್ಯಾಮೆರಾದವನಿಗೆ ಊಟ ಕೊನೆಯ ಪಂಕ್ತಿಯಲ್ಲಿ, ಅಷ್ಟೊತ್ತಿಗೆ ಹೋಳಿಗೆ ಖಾಲಿ. ಅವತ್ತು ಮುಹೂರ್ತ ತಡ ಎಂದು ಯಾರೋ ಅಂದರು, ಮೊದಲ ಪಂಕ್ತಿಯಲ್ಲೇ ಕೂತುಬಿಟ್ಟೆ. ಎರಡನೇ ಹೋಳಿಗೆಗೆ ತುಪ್ಪ ಬೀಳುವಾಗ ಗಟ್ಟಿಮೇಳ ಕೇಳಿಸಿತು. ಎಂಜಲು ಕೈಯಲ್ಲೇ ಓಡಿದೆ. ನಾನು ಮುಟ್ಟುವಷ್ಟರಲ್ಲಿ ಅಕ್ಷತೆಯೂ ಬಿದ್ದಾಗಿತ್ತು. ಯಾರಿಗೂ ಹೇಳದೆ, ಅದೇ ವಾರ ನ್ಯಾಮತಿಯಲ್ಲಿ ತೆಗೆದ ಇನ್ನೊಂದು ಮದುವೆಯಿಂದ ಬರೀ ಕೈ, ಕೊರಳು, ತಾಳಿ ಕಾಣುವ ತುಂಡನ್ನು ತಂದು ಇದಕ್ಕೆ ಸೇರಿಸಿದ್ದೆ.

ಆ ತುಂಡು ಬಂತು. ಎರಡು ಕೈ ಹಿಂದಿನಿಂದ ಬಂದು ಮೂರು ಗಂಟನ್ನೂ ಬಿಗಿಯಾಗಿ ಹಾಕಿದವು.

ಗಂಡ ಬೆಂಚಿನಿಂದ ಎದ್ದೇಬಿಟ್ಟರು. "ನೋಡೇ, ನೋಡು. ಕಣ್ಣು ಬಿಟ್ಟು ನೋಡು. ಯಾರ ಕೈ ನಡುಗೈತೆ?"

"ಅಲ್ಲೇ ನಿಲ್ಲಿಸ್ರಿ" ಎಂದರು ಹೆಂಡತಿ. ನಿಲ್ಲಿಸಿದೆ. ಹತ್ತಿರ ಬಂದು ದಿಟ್ಟಿಸಿದರು.

"ಗಂಟು ಮೂರು, ಒಪ್ಪಿದೆ. ಬೆರಳು ಎಣಿಸ್ರಿ."

ಬಲಗೈಯಲ್ಲಿ ಆರು ಬೆರಳಿದ್ದವು. ಹಳೇ ಟಿವಿಯಲ್ಲಿ ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಗಂಡ ಒಮ್ಮೆ ತಮ್ಮ ಕೈಯನ್ನೂ ಎಣಿಸಿ ನೋಡಿಕೊಂಡು ಮೆಲ್ಲಗೆ ಕೂತರು.

ಹೋಳಿಗೆಯಿಂದ ಹಿಡಿದು ಎಲ್ಲ ಒಪ್ಪಿಕೊಂಡೆ. ನನ್ನಿಂದಾಗಿ ಅವರ ಮದುವೆಗೆ ಸಾಕ್ಷಿಯೇ ಇಲ್ಲದಂತಾಯಿತು ಎಂದು ಮುಖ ಎತ್ತಲಾಗಲಿಲ್ಲ. "ಆ ತುಂಡು ಕತ್ತರಿಸಿ ತೆಗೀಲೇನಮ್ಮಾ?" ಎಂದು ಕೇಳಿದೆ.

ಆಕೆ ಗಂಡನ ಕಡೆ ನೋಡಿದರು, ಪರದೆಯ ಕಡೆ ನೋಡಿದರು.

"ಇರ್ಲಿ ಬಿಡ್ರಿ. ಆ ಕೈಯಾದ್ರೂ ನಡುಗಿಲ್ಲ."