ನನ್ನ ನರಮಂಡಲದ ಉಪನ್ಯಾಸವೂ ಅಮಲ್ದಾರರ ಬಲಗಾಲೂ

ಮನುಷ್ಯನ ನರಮಂಡಲದ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಉಳಿದಿರಲಿಲ್ಲ. ಇದು ಜಂಬದ ಮಾತಲ್ಲ. ನಾನು ಒಂದು ಪುಸ್ತಕ ಓದಿದ್ದೆ!

ಮೈಸೂರು ಸಂಸ್ಥಾನದ ದಿನಗಳು ಮುಗಿದು, ಅರಮನೆಯ ಕಚೇರಿಯಿಂದ ನಿವೃತ್ತನಾಗಿ, ಒಂಟಿಕೊಪ್ಪಲಿನ ಮನೆಯಲ್ಲಿ ನಾನು ಜ್ಞಾನಾರ್ಜನೆಯಲ್ಲಿ ತೊಡಗಿದ್ದ ಕಾಲವದು. ನಮ್ಮ ಬಡಾವಣೆಯ ವಾಚನಾಲಯಕ್ಕೆ ಅಧ್ಯಕ್ಷರು ನಿವೃತ್ತ ಅಮಲ್ದಾರ್ ಪುಟ್ಟಸ್ವಾಮಯ್ಯನವರು. ಈ ಮಹನೀಯರು ತಮ್ಮ ಮೊಮ್ಮಗನ ನಾಮಕರಣದಲ್ಲಿ ನನ್ನನ್ನು ಪಂಕ್ತಿಯ ತುದಿಗೆ ಕೂರಿಸಿದ್ದರು. ನನ್ನ ಎಲೆಗೆ ಹೋಳಿಗೆ ಬಂತು, ತುಪ್ಪ ಬರಲಿಲ್ಲ. ಆ ಮಗು ಈಗ ಮಾಧ್ಯಮಿಕ ಶಾಲೆಗೆ ಹೋಗುತ್ತಿದೆ. ತುಪ್ಪ ಇನ್ನೂ ಬಂದಿಲ್ಲ.

ಆ ವರ್ಷದ ವಾರ್ಷಿಕೋತ್ಸವದಲ್ಲಿ, ಉಪನ್ಯಾಸ ಮುಗಿದ ಮೇಲೆ, ಹೊಸ ಅಧ್ಯಕ್ಷರ ಆಯ್ಕೆ ನಡೆಯುವುದಿತ್ತು. ಆ ಕುರ್ಚಿ ನನಗೆ ಬೇಕಾಗಿತ್ತು. ಮರೆಮಾಚುವುದೇನು, ಬಹಳವಾಗಿ ಬೇಕಾಗಿತ್ತು! ಹೀಗಿರಲು ಅದೇ ದಿನ ಬೆಳಿಗ್ಗೆ ಪುಟ್ಟಸ್ವಾಮಯ್ಯನವರು ನಮ್ಮ ಗೇಟಿನ ಹೊರಗೇ ನಿಂತು ಕೂಗಿದರು.

"ರಾಯರೇ, ಉಪನ್ಯಾಸಕ್ಕೆ ಬರಬೇಕಿದ್ದ ಡಾಕ್ಟ್ರು ಜ್ವರ ಬಂದು ಮಲಗ್ಬುಟ್ಟಿದಾರೆ. ನರಮಂಡಲದ ಮೇಲೆ ನೀವೇ ನಾಲ್ಕು ಮಾತಾಡ್ಬುಡಿ. ಬೇರೆ ಯಾರೂ ಸಿಗ್ಲಿಲ್ಲ ಕಣ್ರೀ!"

'ಬೇರೆ ಯಾರೂ ಸಿಗಲಿಲ್ಲ' ಎಂಬ ಮಾತನ್ನು ಮನಸ್ಸಿನಲ್ಲಿ ತುಪ್ಪದ ಪಕ್ಕಕ್ಕೆ ಇರಿಸಿಕೊಂಡು, ಗಂಭೀರವಾಗಿ ಒಪ್ಪಿಗೆ ಸೂಚಿಸಿದೆ.

ಉಪನ್ಯಾಸವೆಂದರೆ ಬರೀ ಮಾತಾಗಬಾರದು, ಪ್ರಯೋಗವೂ ಇರಬೇಕೆಂಬುದು ನನ್ನ ಸಿದ್ಧಾಂತ. ಮಂಡಿಚಿಪ್ಪಿನ ಕೆಳಗೆ ಮೆಲ್ಲನೆ ಬಡಿದರೆ ಕಾಲು ತಾನಾಗಿಯೇ ಎದ್ದುಬರುತ್ತದೆಂದು ಓದಿದ್ದೆ. ಎಲೆಅಡಿಕೆ ಕುಟ್ಟುವ ಕುಟ್ಟಾಣಿಯ ಹಿತ್ತಾಳೆ ಕೋಲನ್ನು ಹಿಡಿದು ಅಡುಗೆಮನೆಗೆ ಹೋದೆ.

"ಜಯಾ, ಸ್ವಲ್ಪ ಕಾಲು ಇಳಿಬಿಟ್ಟು ಕೂತ್ಕೋ."

"ಯಾಕ್ರೀ?"

"ನಿನ್ನ ಮಂಡಿಗೆ ಹೊಡೀಬೇಕು."

"ಮದುವೆಯಾಗಿ ಇಷ್ಟು ವರ್ಷಕ್ಕೆ ಇದೊಂದು ಬಾಕಿ ಇತ್ತು ನೋಡಿ!" ಎಂದಳು ನನ್ನ ಹೆಂಡತಿ. "ಒಲೆ ಮೇಲೆ ಹುಳಿ ಕುದೀತಿದೆ. ಹೋಗಿ ಆಚೆ!"

ಹೀಗೆ ಪ್ರಯೋಗವು ಪೂರ್ವಸಿದ್ಧತೆಯಿಲ್ಲದೆ ನೇರವಾಗಿ ವೇದಿಕೆಯನ್ನೇರಿತು.

ಸಂಜೆ ಸಭೆ ಕಿಕ್ಕಿರಿದಿತ್ತು. ಜರಿಪೇಟ ಸರಿಪಡಿಸಿಕೊಂಡು ಆರಂಭಿಸಿದೆ. "ಮಹನೀಯರೇ, ಮೆದುಳೆಂದರೆ ದಿವಾನರು. ಬೆನ್ನುಹುರಿಯೆಂದರೆ ಅವರ ಕೈಕೆಳಗಿನ ಶಿರಸ್ತೇದಾರ್. ನರಗಳೆಂದರೆ ಕಾಗದ ಹೊತ್ತು ಓಡಾಡುವ ಜವಾನರು. ಕೈ ಬಿಸಿ ಪಾತ್ರೆಗೆ ತಗುಲಿತೆನ್ನಿ. ದಿವಾನರ ಅಪ್ಪಣೆಗೆ ಕಾದರೆ ಕೈ ಸುಟ್ಟುಹೋಗುತ್ತದೆ! ಆದ್ದರಿಂದ ಶಿರಸ್ತೇದಾರನೇ ಹುಕುಂ ಹೊರಡಿಸಿ ಕೈಯನ್ನು ಹಿಂದಕ್ಕೆಳೆಸುತ್ತಾನೆ. ದಿವಾನರಿಗೆ ಸಮಾಚಾರ ಮುಟ್ಟುವುದು ಆಮೇಲೆ!"

ಚಪ್ಪಾಳೆ! ಕುರ್ಚಿ ನನ್ನ ಕಡೆಗೆ ಸರಿಯುತ್ತಿರುವುದು ಕಣ್ಣಿಗೇ ಕಾಣಿಸಿತು. ಹುರುಪು ತಲೆಗೇರಿತು. "ಆದಕಾರಣ ಅಂಥ ಹೊತ್ತಿನಲ್ಲಿ ಕೈಕಾಲುಗಳು ಏನು ಮಾಡಿದರೂ ಆ ಮನುಷ್ಯ ಹೊಣೆಗಾರನಲ್ಲ! ಅವನ ಮೇಲೆ ಸಿಟ್ಟಾಗುವುದು ಅವೈಜ್ಞಾನಿಕ!"

ಈ ವಾಕ್ಯವನ್ನು ಹೇಳದಿದ್ದರೆ ನನ್ನ ಜೀವನವೇ ಬೇರೆಯಾಗಿರುತ್ತಿತ್ತು.

ಪ್ರಯೋಗಕ್ಕೆ ಅಧ್ಯಕ್ಷರನ್ನೇ ಆರಿಸಿಕೊಂಡೆ. ಸಾರ್ವಜನಿಕವಾಗಿ ಅವರ ಮಂಡಿಗೆ ಬಡಿಯುವ ಅವಕಾಶ ಮತ್ತೆಂದು ದೊರೆತೀತು? ಕಾಲ ಮೇಲೆ ಕಾಲು ಹಾಕಿಕೊಳ್ಳಿರೆಂದೆ. "ಸಭೆಯಲ್ಲಿ ಹಂಗೆಲ್ಲಾ ಕೂರೋದು ಚೆನ್ನಾಗಿರುತ್ತಾ?" ಎಂದು ಸಂಕೋಚಪಟ್ಟರು. ವಿಜ್ಞಾನಕ್ಕೆ ಸಂಕೋಚವಿಲ್ಲವೆಂದು ಸಾರಿ, ಅವರ ನೇರ ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತು ಬಡಿದೆ. ಕಾಲು ಅಲುಗಲಿಲ್ಲ. "ಬಿಗಿ ಹಿಡಿದಿದ್ದೀರಿ. ಸಡಿಲ ಬಿಡಿ. ಬೇರೆ ಏನಾದರೂ ಯೋಚಿಸಿ" ಎಂದೆ. ಯೋಚಿಸಿದರು. ಮತ್ತೆ ಬಡಿದೆ.

ಕಾಲು ಎದ್ದಿತು! ನೇರವಾಗಿ ನನ್ನ ಗಲ್ಲಕ್ಕೆ ಬಂತು. ಪೇಟ ಒಂದು ಕಡೆ, ನಾನು ಒಂದು ಕಡೆ.

ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜನ ನಾವು. "ಅಯ್ಯಯ್ಯೋ, ತಪ್ಪಾಯ್ತು ರಾಯರೇ!" ಎಂದು ಪುಟ್ಟಸ್ವಾಮಯ್ಯನವರು ಬಾಗಿದರು. ಅರ್ಧಕ್ಕೆ ನಿಂತರು. ಮುಖ ಬೆಳಗಿತು. "ಅಲ್ಲಾ, ತಪ್ಪು ಹೆಂಗಾಗುತ್ತೆ? ಇದು ನಮ್ಮ ಶಿರಸ್ತೇದಾರ್ ಮಾಡಿದ್ದಲ್ವಾ!" ಎಂದು ಮತ್ತೆ ಕುಳಿತರು.

"ಪ್ರಯೋಗ ಯಶಸ್ವಿಯಾಯಿತು" ಎಂದೆ, ಗಲ್ಲ ಹಿಡಿದುಕೊಂಡು.

ಅಷ್ಟರಲ್ಲಿ ಹಾಲಿನ ಲಿಂಗಣ್ಣ ವೇದಿಕೆಯ ಮೇಲೆ ಬಂದ. ಬೀದಿಗೆ ಬಿಟ್ಟ ಅವನ ಎಮ್ಮೆಗಳ ವಿಷಯವಾಗಿ ಮುನಿಸಿಪಾಲಿಟಿಗೆ ದೂರು ಕೊಟ್ಟು, ಅವನ್ನು ದೊಡ್ಡಿಗೆ ಕಳಿಸಿದವನು ನಾನು.

"ಬುದ್ಧೀ, ನಂದೂ ಒಸಿ ನೋಡ್ಬುಡಿ. ನರ ಎಂಗೈತೆ ಅಂತ ಗೊತ್ತಾಗ್ಲಿ."

ಕೋಲೆತ್ತಿದೆ. ಅದು ಇನ್ನೂ ಗಾಳಿಯಲ್ಲಿರುವಾಗಲೇ ಅವನ ಕಾಲು ನನ್ನ ಪಕ್ಕೆಗೆ ಬಂತು!

"ನಾನಿನ್ನೂ ಹೊಡೆದೇ ಇಲ್ಲವಲ್ಲಯ್ಯಾ!"

"ನಮ್ಮನೇಲಿ ಎಲ್ರಿಗೂ ನರ ಬಲು ಚುರುಕು ಬುದ್ಧೀ!"

ತಲೆಯೆತ್ತಿ ನೋಡಿದೆ. ವೇದಿಕೆಯ ಮೆಟ್ಟಿಲಿನವರೆಗೆ ಸಾಲು ನಿಂತಿತ್ತು. ಎಲ್ಲ ಪರಿಚಿತ ಮುಖಗಳೇ. ಯಾರ ಕಾಂಪೌಂಡು ಗೋಡೆಗೆ ನಾನು ತಕರಾರು ತೆಗೆದಿದ್ದೆನೋ, ಯಾರ ಮಗಳ ಹಾರ್ಮೋನಿಯಂ ನಿಲ್ಲಿಸಿದ್ದೆನೋ, ಅವರೆಲ್ಲರಿಗೂ ಒಮ್ಮೆಲೇ ತಮ್ಮ ನರಗಳ ಬಗ್ಗೆ ಕಾಳಜಿ ಹುಟ್ಟಿತ್ತು! ಉಪನ್ಯಾಸವನ್ನು ಅಲ್ಲಿಗೇ ಮುಕ್ತಾಯಗೊಳಿಸಿದೆ. ಇಂಥ ಅದ್ಭುತ ಕಾರ್ಯಕ್ರಮ ಏರ್ಪಡಿಸಿದ್ದಕ್ಕಾಗಿ ಸಭೆಯು ಪುಟ್ಟಸ್ವಾಮಯ್ಯನವರನ್ನೇ ಅವಿರೋಧವಾಗಿ ಪುನಃ ಅಧ್ಯಕ್ಷರನ್ನಾಗಿ ಆರಿಸಿತು.

ಮರುದಿನ ಬೆಳಿಗ್ಗೆ ಕುಟ್ಟಾಣಿ ಕೋಲಿನೊಡನೆ ಅವರ ಮನೆಗೆ ಹೋದೆ. ಶಾಸ್ತ್ರವು ಎಲ್ಲರಿಗೂ ಒಂದೇ ಅಲ್ಲವೇ? "ನನ್ನ ನರಗಳನ್ನು ಮಾತ್ರ ಯಾರೂ ಪರೀಕ್ಷಿಸಲಿಲ್ಲ. ತಾವೇ ಪರೀಕ್ಷಿಸಬೇಕು" ಎಂದು ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕುಳಿತೆ.

ಅವರು ಬಡಿದರು. ಕಾಲು ಏಳಲಿಲ್ಲ. ಮತ್ತೆ ಬಡಿದರು. ಇಲ್ಲ! ನನ್ನ ಕಾಲಿನಷ್ಟು ಸಭ್ಯವಾದ ಕಾಲು ಮೈಸೂರಿನಲ್ಲೇ ಇರಲಿಲ್ಲ.

"ಬಿಗಿ ಹಿಡ್ಕೊಂಡಿದೀರಿ ರಾಯರೇ. ಬೇರೆ ಏನಾದ್ರೂ ಯೋಚ್ನೆ ಮಾಡಿ."

ಕಣ್ಣು ಮುಚ್ಚಿ ಯೋಚಿಸಿದೆ. ತುಪ್ಪವಲ್ಲದೆ ಬೇರೇನೂ ನೆನಪಿಗೆ ಬರಲಿಲ್ಲ. ಶಿರಸ್ತೇದಾರನನ್ನು ನಂಬಿ ಪ್ರಯೋಜನವಿಲ್ಲವೆಂದು ತೀರ್ಮಾನಿಸಿ, ಮುಂದಿನ ಏಟಿಗೆ ದಿವಾನರಿಂದಲೇ ನೇರವಾಗಿ ಹುಕುಂ ಹೊರಡಿಸಿದೆ. ಏನು ವೇಗ! ಏನು ಬಲ!

ಆದರೆ ಪುಟ್ಟಸ್ವಾಮಯ್ಯನವರು ನನ್ನ ಹಾಗೆ ಎದುರಿಗೆ ಕುಳಿತಿರಲಿಲ್ಲ. ಪಕ್ಕದಲ್ಲಿ ನಿಂತು ಬಡಿದಿದ್ದರು. ಎದುರಿಗಿದ್ದದ್ದು ಕೈಕಾಲು ತೊಳೆಯುವ ಕಲ್ಲುಬಾನಿ.

ಹೆಬ್ಬೆರಳು ಕ್ಷಣದಲ್ಲಿ ಬದನೆಕಾಯಿಯಾಯಿತು. ನಡೆಯಲಾಗಲಿಲ್ಲ. ಪುಟ್ಟಸ್ವಾಮಯ್ಯನವರೇ ನನ್ನ ತೋಳನ್ನು ತಮ್ಮ ಹೆಗಲ ಮೇಲೆ ಹಾಕಿಕೊಂಡು, ಇಡೀ ಬೀದಿಯ ಉದ್ದಕ್ಕೂ ನನ್ನನ್ನು ನಡೆಸಿಕೊಂಡು ಬಂದರು. ಗೇಟು ಗೇಟಿನಲ್ಲೂ ಜನ. "ಏನಾಯ್ತು ಸ್ವಾಮೀ?" ಎಂದು ಎಲ್ಲರ ಪ್ರಶ್ನೆ.

"ಗಾಬರಿ ಏನಿಲ್ಲ ಕಣ್ರಪ್ಪಾ" ಎಂದು ಅವರು ಪ್ರತಿಯೊಂದು ಗೇಟಿನಲ್ಲೂ ನಿಂತು, ನನ್ನನ್ನೂ ನಿಲ್ಲಿಸಿಕೊಂಡು, ಉತ್ತರಿಸುತ್ತಿದ್ದರು. "ರಾಯರ ನರ ಬಹಳ ಚೆನ್ನಾಗಿದೆ. ಗುರಿ ಒಂದೇ ಸ್ವಲ್ಪ ಸರಿಯಿಲ್ಲ."

ತಕ್ಕ ಉತ್ತರ ಕೊಡಲು ನಾನು ಪ್ರತಿಯೊಂದು ಗೇಟಿನಲ್ಲೂ ಬಾಯಿ ತೆರೆದು, ಹಾಗೆಯೇ ಮುಚ್ಚಿದೆ. ಏನು ಮಾಡಲಿ, ಹೆಗಲು ಅವರದಾಗಿತ್ತು!