ತೌನೊ ತಂದ ಮನೆಮಾತು

ಔಲು ಊರಿನ ಭಾಷಾ ಸಂಶೋಧನಾ ಕಚೇರಿಯಲ್ಲಿ ಬೆಳಗ್ಗೆಯೇ ಇರ್ಮೆಲಿ ತೌನೊನ ಕೈಗೆ ರೆಕಾರ್ಡರ್ ಕೊಟ್ಟು, "ಸಂಜೆಯೊಳಗೆ ಅರ್ಧ ಗಂಟೆ ಮನೆಮಾತು ಬೇಕು. ಪುಸ್ತಕದ ಭಾಷೆ ತಂದ್ರೆ ನೋಡು!" ಎಂದಳು. ತೌನೊ ಬರೀ "ಹೂಂ" ಎಂದ. ಅವಳ ಮೇಲೆ ಪ್ರಾಣವನ್ನೇ ಇಟ್ಟುಕೊಂಡಿದ್ದರೂ ಮೂರು ವರ್ಷದಿಂದ ಅವಳೆದುರು ಬಾಯಿಂದ ಹೊರಟದ್ದು ಅಷ್ಟೇ. ಊರವರ ಮಾತೆಲ್ಲ ಸಂಗ್ರಹಿಸುವ ಮಹಾಶಯನಿಗೆ ತನ್ನದೊಂದು ಮಾತು ಆಡಲು ಬರಲಿಲ್ಲ, ಪಾಪ.

ತೌನೊನ ಪಕ್ಕದ ಮನೆಯ ಹಿಲ್ಕಾ ಅಜ್ಜಿ, ಅವಳ ಗಂಡ ವೇಯೊ ಖುಷಿಯಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ರೆಕಾರ್ಡರಿನ ಕೆಂಪು ದೀಪ ಹತ್ತಿದ್ದೇ ತಡ, ಅಜ್ಜಿ ಸೆಟೆದು ಕೂತು, "ಮಾನ್ಯ ಪತಿಯವರೇ, ತಾವು ಕಾಫಿ ಸೇವಿಸುವಿರಾ?" ಎಂದಳು.

"ಅವಶ್ಯವಾಗಿ ಸೇವಿಸುವೆನು," ಎಂದ ವೇಯೊ, ವಾರ್ತೆ ಓದುವವನ ಹಾಗೆ.

"ಅಯ್ಯೋ ಅಜ್ಜಿ, ದಿನಾ ಜಗಳ ಆಡ್ತೀರಲ್ಲ, ಹಾಗೇ ಆಡಿ!"

"ಯಂತ್ರದ ಮುಂದೆ ಗಂಡನ್ನ ಬೈಯೋಕಾಗತ್ತೇನೋ? ನೀನೇ ಏನಾದ್ರೂ ಹೇಳು. ಮುಖ ಯಾಕೆ ಬಾಡಿದೆ?"

ಮೂರನೇ ಕಪ್ ಕಾಫಿಗೆ ತೌನೊನ ಕಟ್ಟೆ ಒಡೆಯಿತು. ಇರ್ಮೆಲಿ ನಕ್ಕದ್ದು, ಇರ್ಮೆಲಿ ಕೆಮ್ಮಿದ್ದು, ಇರ್ಮೆಲಿ ಕಾಣದ ಸೋಮವಾರ ತನಗೆ ಊಟ ಸೇರದೆ ಹೋದದ್ದು. ಮುದುಕರಿಬ್ಬರೂ "ಹೌದಾ", "ಛೆ ಛೆ", "ಆಮೇಲೆ?" ಎನ್ನುತ್ತ ಕೂತರು. ಕೆಂಪು ದೀಪ ಉರಿಯುತ್ತಲೇ ಇತ್ತು.

ಇನ್ನೊಂದು ಮನೆ ಹುಡುಕಲು ಹೊತ್ತಿರಲಿಲ್ಲ. ಪುಣ್ಯಕ್ಕೆ, ಮಾತಿನಲ್ಲಿ ಬರುವ ಹೆಸರುಗಳನ್ನು ಅಳಿಸಿ ಬೇರೆ ಹೆಸರು ಕೊಡಬೇಕೆಂಬುದು ಕಚೇರಿಯ ನಿಯಮ. ತೌನೊ ಬೆವರುತ್ತ ಧ್ವನಿಯಲ್ಲಿ ನಲವತ್ತೊಂದು ಕಡೆ 'ಇರ್ಮೆಲಿ'ಯನ್ನು ಅಳಿಸಿ, ಜೊತೆಗಿಡುವ ಬರಹದ ಪ್ರತಿಯಲ್ಲಿ 'ಲೀಸಾ' ಎಂದು ಬರೆದುಕೊಟ್ಟ.

ಸಂಜೆ ಹೆಡ್‌ಫೋನ್ ತೆಗೆದಾಗ ಇರ್ಮೆಲಿಯ ಕಣ್ಣು ಒದ್ದೆಯಾಗಿತ್ತು. "ಎಂಥ ಚೆಂದದ ಮಾತೋ ನಿಂದು, ತೌನೊ! ಆ ಲೀಸಾ ಯಾರೋ, ಪುಣ್ಯವಂತೆ. ನನಗೂ ಹೀಗೆ ಹೇಳೋರು ಒಬ್ರು ಇದ್ದಿದ್ರೆ..."

 ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟುಗೂಡಿಸಿ ತೌನೊ, "ಇರ್ಮೆಲಿ, ನಿಜ ಹೇಳ್ಬೇಕು ಅಂದ್ರೆ..." ಎಂದ.

ಆ ಸೀಮೆಯಲ್ಲಿ ಒಬ್ಬರ ಮಾತು ಮುಗಿಯುವ ಮುನ್ನ ಇನ್ನೊಬ್ಬರು ಬಾಯಿ ಹಾಕುವುದಿಲ್ಲ. ಆದರೆ ಅವತ್ತು ಇರ್ಮೆಲಿಗೆ ತಡೆಯಲಾಗಲಿಲ್ಲ.

"ನನ್ ಹತ್ರ ಅಲ್ಲ ಕಣೋ, ಅವಳ ಹತ್ರ ಹೇಳು!" ಎನ್ನುತ್ತ ಅವನ ತಲೆಗೆ ಟೋಪಿ ಏರಿಸಿ, ಕೊರಳಿಗೆ ಮಫ್ಲರ್ ಸುತ್ತಿ, ಹೊರಗೆ ದಬ್ಬಿದಳು. "ಹೇಳದೆ ವಾಪಸ್ ಬಂದ್ರೆ ಬಾಗಿಲು ತೆಗೆಯಲ್ಲ!"

ಒಳಗಿನಿಂದ ಚಿಲಕ ಬಿತ್ತು. ಸುರಿಯುವ ಹಿಮದಲ್ಲಿ ತೌನೊ, ಎತ್ತ ಹೋಗುವುದೆಂದು ತಿಳಿಯದೆ, ಆ ಬಾಗಿಲನ್ನೇ ನೋಡುತ್ತ ನಿಂತ.